ತಾರಸಿಗೆ ಹಸಿರು ಹೊದಿಸುವ ಮುನ್ನ

ಹಸಿರು ಚಾವಣಿ ಬೇಕು ಎನ್ನುವವರು ಮೊದಲು ಕೇಳುವುದು, "ಯಾವ ಗಿಡ ಹಾಕೋಣ ಸಾರ್?" ನಾನು ಕೇಳುವುದು ಬೇರೆ. ಮನೆ ಅರಸೀಕೆರೆ ಕಡೆಯೋ, ಸಕಲೇಶಪುರ ಕಡೆಯೋ?

ಅರಸೀಕೆರೆ, ಕಡೂರಿನ ಬಿಸಿಲಿಗೆ ಆರ್‌ಸಿಸಿ ಹಗಲೆಲ್ಲ ಕಾದು, ರಾತ್ರಿ ಕೋಣೆಯೊಳಗೆ ಶಾಖ ಬಿಡುತ್ತದೆ. ಅಲ್ಲಿ ಮಣ್ಣು-ಗಿಡದ ಹೊದಿಕೆ ನಿಜಕ್ಕೂ ತಂಪು ಕೊಡುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ತಂಪಿಗೇನು ಬರ? ಆರಿದ್ರಾ, ಪುಷ್ಯ ಮಳೆ ಹಿಡಿದರೆ ಬಿಡುವುದೇ ಇಲ್ಲ. ಸೋರಿಕೆಗೆ ಹೆದರಿ ತಾರಸಿ ಮೇಲೆ ಶೀಟು ಹೊದಿಸುವ ಊರಲ್ಲಿ ಮಣ್ಣು ಹಾಕುತ್ತೇನೆ ಅಂದರೆ ಮೇಸ್ತ್ರಿ ನಗದೆ ಇರುತ್ತಾನಾ? ಆದರೂ ಮಾಡಬಹುದು, ನೀರು ನಿಲ್ಲದ ಹಾಗೆ ನೋಡಿಕೊಂಡರೆ.

ಮೊದಲು ಭಾರ. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನದಂಡ ಹಿಡಿಯುವ ಲೆಕ್ಕ ಚದರ ಮೀಟರಿಗೆ 150 ಕೆಜಿ, ಅಂದರೆ ಚದರ ಅಡಿಗೆ ಸುಮಾರು 14 ಕೆಜಿ. ತೋಟದ ಕೆಂಪು ಮಣ್ಣನ್ನು 4 ಇಂಚು ಹರಡಿ, ಅದು ಚೆನ್ನಾಗಿ ನೆನೆದರೆ 17-18 ಕೆಜಿ ಆಗುತ್ತದೆ. ನೀವಿನ್ನೂ ಹತ್ತೇ ಇಲ್ಲ, ಲೆಕ್ಕ ಮುಗಿಯಿತು! ಅದಕ್ಕೇ ಮಣ್ಣು ಕಡಿಮೆ, ತೆಂಗಿನ ನಾರಿನ ಪುಡಿ, ಗೊಬ್ಬರ, ಇಟ್ಟಿಗೆ ಚೂರು ಜಾಸ್ತಿ ಹಾಕಿ. 3 ಇಂಚು ಸಾಕು. ಹಳೇ ಮನೆಯಾದರೆ ಎಂಜಿನಿಯರ್‌ಗೆ ತೋರಿಸದೆ ಒಂದು ಬುಟ್ಟಿ ಮಣ್ಣನ್ನೂ ಮೇಲೇರಿಸಬೇಡಿ.

ಜನವರಿ-ಫೆಬ್ರವರಿಯಲ್ಲಿ ವಾಟರ್‌ಪ್ರೂಫಿಂಗ್ ಮುಗಿಸಿ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಸಿಮೆಂಟಿನಿಂದ ಗುಂಡಗೆ ಮಾಡಿಸಿ, ಪದರವನ್ನು ಮಣ್ಣಿನ ಮಟ್ಟಕ್ಕಿಂತ 6 ಇಂಚು ಮೇಲಕ್ಕೆ ಗೋಡೆಗೆ ಹತ್ತಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದೇ ಆ ಮೂಲೆಯಲ್ಲಿ. ಆಮೇಲೆ ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, 2 ಇಂಚು ನೀರನ್ನು 48 ಗಂಟೆ ನಿಲ್ಲಿಸಿ. ಕೆಳಗೆ ಫ್ಯಾನ್ ಹುಕ್ಕಿನ ಸುತ್ತ, ಗೋಡೆಯಂಚಿನಲ್ಲಿ ಕೈಯಿಟ್ಟು ನೋಡಿ. ತೇವ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮಣ್ಣು ಹಾಕಿದ ಮೇಲೆ ಸೋರುವ ಜಾಗ ಹುಡುಕುವುದು ನರಕ.

ಮಿಕ್ಕಿದ್ದು ಸುಲಭ. ಬೇರು ತಡೆಯುವ ಹಾಳೆ, ಅದರ ಮೇಲೆ ನೀರು ಹರಿದುಹೋಗಲು ಜಾಗ ಬಿಡುವ ಪ್ಲಾಸ್ಟಿಕ್ ತಟ್ಟೆ (ಡ್ರೈನ್ ಸೆಲ್), ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಮಣ್ಣು. ಗೋಡೆಯುದ್ದಕ್ಕೂ, ಪೈಪಿನ ಬಾಯಿಯ ಸುತ್ತಲೂ ಒಂದಡಿ ಬರೀ ಜಲ್ಲಿ. ಕಾಫಿ ಸೀಮೆಯವರಿಗೆ ಇನ್ನೊಂದು ಮಾತು: ಪೈಪಿನ ಬಾಯಿಗೆ ಜಾಲರಿ ಬೇಕೇ ಬೇಕು. ಸಿಲ್ವರ್ ಓಕ್ ಎಲೆ ನಾಲ್ಕು ಸೇರಿದರೆ ಬಾಯಿ ಕಟ್ಟುತ್ತದೆ, ತಾರಸಿ ಕೆರೆಯಾಗುತ್ತದೆ.

ಇಷ್ಟಾದ ಮೇಲೆ ಗಿಡ. ಬಯಲುಸೀಮೆಯಲ್ಲಿ ಟೇಬಲ್ ರೋಸ್, ದೊಡ್ಡಪತ್ರೆ ಬಿಸಿಲು ತಡೆಯುತ್ತವೆ. ಮೇ ಕೊನೆಗೆ ನೆಡಿ. ಮಲೆನಾಡಿನಲ್ಲಿ ಅವೇ ಗಿಡ ಕೊಳೆಯುತ್ತವೆ. ಅಲ್ಲಿ ಜರೀಗಿಡ, ಒಂದೆಲಗ, ಗರಿಕೆ ಸರಿ. ನೆಡುವುದು ಉತ್ತರೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿಗೆ. ಮೊದಲೇ ನೆಟ್ಟರೆ ಬೇರು ಹಿಡಿಯುವ ಮುಂಚೆ ಮಣ್ಣೇ ಕೊಚ್ಚಿಹೋಗುತ್ತದೆ. ಹಕ್ಕಿ ತಂದು ಹಾಕುವ ಅಶ್ವತ್ಥ, ಅತ್ತಿ ಸಸಿಗಳನ್ನು ಮಾತ್ರ ಎರಡೆಲೆಯಲ್ಲೇ ಕಿತ್ತುಬಿಡಿ. ದೇವರ ಮರ ಅಂತ ಬಿಟ್ಟರೆ ಬೇರು ಸ್ಲ್ಯಾಬನ್ನೇ ಸೀಳುತ್ತದೆ.