ಪ್ಯೂರಿಟನ್ ಮನೆಯ ಮಕ್ಕಳು, ಅಂದು ಮತ್ತು ಈಗ

ಅಮೆರಿಕದಲ್ಲಿ ಮಕ್ಕಳನ್ನು ಹೇಗೆ ಬೆಳೆಸಬೇಕು ಅನ್ನುವ ಜಗಳ ಎದ್ದಾಗಲೆಲ್ಲ ಯಾರಾದರೊಬ್ಬರು ಪ್ಯೂರಿಟನ್ನರನ್ನು, ಅಂದರೆ ಆ ಕಾಲದ ಇಂಗ್ಲಿಷ್ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರನ್ನು, ಎಳೆದು ತರುತ್ತಾರೆ. ಕೆಲವರಿಗೆ ಅವರು ಬೆತ್ತ ಹಿಡಿದ ರಾಕ್ಷಸರು, ಕೆಲವರಿಗೆ ಶಿಸ್ತಿನ ಸಿಪಾಯಿಗಳು. ಅವರ ಮನೆಯೊಳಗೆ ಇಣುಕಿದರೆ ಕಾಣುವುದು ಬೇರೆಯೇ.

1630ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ದೊಡ್ಡ ಗುಂಪಾಗಿ ಬಂದ ಇವರ ಲೆಕ್ಕದಲ್ಲಿ ಮಗು ಹುಟ್ಟುವುದೇ ಪಾಪ ಹೊತ್ತುಕೊಂಡು. ಅದರಿಂದ ಪಾರಾಗಬೇಕಾದರೆ ಅದು ಬೈಬಲ್ ಓದಲು ಕಲಿಯಲೇಬೇಕು. ಹಾಗಾಗಿ 1642ರಲ್ಲಿ ಓದು ಕಲಿಸುವ ಹೊಣೆಯನ್ನು ಕಾನೂನೇ ಮನೆಯವರ ಮೇಲೆ ಹಾಕಿತು. 1647ರಲ್ಲಿ ಇನ್ನೊಂದು ಕಾನೂನು: 50 ಮನೆಯ ಊರು ಮೇಷ್ಟ್ರನ್ನು ಇಡಬೇಕು, 100 ಮನೆಯಿದ್ದರೆ ಹುಡುಗರನ್ನು ಕಾಲೇಜಿಗೆ ತಯಾರು ಮಾಡುವ ಗ್ರಾಮರ್ ಸ್ಕೂಲು ತೆರೆಯಬೇಕು. ಧರ್ಮಗ್ರಂಥ ಜನರ ಕೈಗೆ ಸಿಗದಂತೆ ಮಾಡುವುದು ಸೈತಾನನ ಹಳೇ ಆಟವಂತೆ, ಕಾನೂನಿನಲ್ಲೇ ಬರೆದಿದ್ದಾರೆ. ಅಮೆರಿಕದ ಸರ್ಕಾರಿ ಶಾಲೆಯ ಬೇರು ಹುಡುಕಿ ಹೋದರೆ ಈ ಸೈತಾನ ಸಿಗುತ್ತಾನೆ!

ಮಾತು ಕೇಳದ, 16 ದಾಟಿದ ಮಗನಿಗೆ ಮರಣದಂಡನೆ ಎಂಬ 1646ರ ಕಾನೂನನ್ನು ಎಲ್ಲರೂ ಎತ್ತಿ ಆಡುತ್ತಾರೆ. ಹಾಗೆ ಒಬ್ಬನನ್ನೂ ಕೊಂದ ದಾಖಲೆ ಇಲ್ಲ. ಹೆದರಿಸಲು ಅಷ್ಟು ಸಾಕಿತ್ತು, ಅಲ್ವಾ?

ಮಗುವಿನ ಕೈಗೆ ಮೊದಲು ಬರುತ್ತಿದ್ದದ್ದು ಹಾರ್ನ್‌ಬುಕ್. ಹಿಡಿಯಿರುವ ಪುಟ್ಟ ಮರದ ಹಲಗೆ, ಮೇಲೆ ಅಕ್ಷರ, ಪ್ರಾರ್ಥನೆ ಅಚ್ಚಾದ ಒಂದೇ ಹಾಳೆ. ಕೊಳೆ ಕೈ ತಾಗದಿರಲಿ ಅಂತ ಅದಕ್ಕೆ ತೆಳ್ಳಗೆ ಸೀಳಿದ ಕೊಂಬಿನ ಹೊದಿಕೆ. 1690ರ ಹೊತ್ತಿಗೆ ಬಾಸ್ಟನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಪ್ರೈಮರ್’ ಎಂಬ ಅಕ್ಷರ ಕಲಿಸುವ ಪುಸ್ತಕ ಬಂತು. ನಾವು ‘ಅ ಅರಸ, ಆ ಆಟ’ ಅಂತ ಕಲಿತವರು. ಅಲ್ಲಿ ‘ಎ’ ಅಂದರೆ ಬೈಬಲ್ಲಿನ ಮೊದಲ ಮನುಷ್ಯ ಆದಾಮ, ಅವನು ಜಾರಿದ್ದಕ್ಕೆ ನಾವೆಲ್ಲ ಪಾಪಿಗಳು. ‘ಎಫ್’ಗೆ ಬಂದರೆ ಶಾಲೆಯಲ್ಲಿ ಏಟು ತಿನ್ನುವ ಸೋಮಾರಿ ದಡ್ಡ, ಅಂದರೆ ‘ಫೂಲ್’.

ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್‌ರ ದಿನಚರಿಯಲ್ಲಿ 1696ರ ಜನವರಿಯ ಒಂದು ರಾತ್ರಿ ಇದೆ. ಅವರು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಎದುರಾದರು. ಊಟವಾದ ಮೇಲೆ 14ರ ಮಗಳು ಬೆಟ್ಟಿ ಇದ್ದಕ್ಕಿದ್ದಂತೆ ಗೋಳೋ ಅಂತ ಅತ್ತಿದ್ದಳು. ಅವಳನ್ನು ನೋಡಿ ಮನೆಯವರೆಲ್ಲ ಅತ್ತರು. ಯಾಕಮ್ಮಾ ಅಂದರೆ ಬಾಯಿ ಬಿಡಳು. ಕೊನೆಗೆ ಹೇಳಿದಳು: ನಾನು ನರಕಕ್ಕೆ ಹೋಗುತ್ತೇನೆ. ಮುಂದಿನ ತಿಂಗಳು ಬೆಳಗಾಗುತ್ತಲೇ ಅಪ್ಪನ ಹತ್ತಿರ ಬಂದು ಮತ್ತೆ ಅದೇ ಭಯ ಹೇಳಿಕೊಂಡಳು. ಇಬ್ಬರೂ ಕಣ್ಣೀರು ಹಾಕುತ್ತಾ ಪ್ರಾರ್ಥನೆ ಮಾಡಿದರು. ಅಪ್ಪನಿಗೆ ಕರುಳಿರಲಿಲ್ಲ ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಆ ಭಯ ಬಂದದ್ದು ಅವರೇ ಓದಿ ಹೇಳಿದ ಒಂದು ಪ್ರವಚನದಿಂದ.

ಸಾವೂ ಸುಮ್ನೆ ಪುಸ್ತಕದ ಮಾತಾಗಿರಲಿಲ್ಲ. ಪಾದ್ರಿ ಕಾಟನ್ ಮೇದರ್‌ಗೆ 15 ಮಕ್ಕಳು, ಅವರು ಸತ್ತಾಗ ಬದುಕಿದ್ದವರು ಇಬ್ಬರೇ. 1713ರ ದಡಾರದಲ್ಲಿ ಹೆಂಡತಿಯೂ ಮೂರು ಮಕ್ಕಳೂ ಒಂದೇ ತಿಂಗಳಲ್ಲಿ ಹೋದರು.

ಆಮೇಲಿನದು ಬೇಗ ಮುಗಿಯುತ್ತದೆ. ಮಗು ಪಾಪಿಯಲ್ಲ, ಖಾಲಿ ಹಾಳೆ ಎಂಬ ಮಾತು ಬಂತು. 1852ರಲ್ಲಿ ಮ್ಯಾಸಚೂಸೆಟ್ಸ್ ಶಾಲೆ ಕಡ್ಡಾಯ ಮಾಡಿತು, 1938ರಲ್ಲಿ ಕೇಂದ್ರದ ಕಾನೂನು ಮಕ್ಕಳ ದುಡಿಮೆಗೆ ಕಡಿವಾಣ ಹಾಕಿತು. 1998ರಲ್ಲಿ 13ರ ಒಳಗಿನವರ ಮಾಹಿತಿಗೆ ಇಂಟರ್‌ನೆಟ್‌ನಲ್ಲಿ ಕಾವಲು.

ಈಗ ನರಕದ ಹೆಸರು ಹೇಳುವ ಅಪ್ಪ ಅಮ್ಮ ಕಡಿಮೆ. ಹೆದರಲು ಅಪರಿಚಿತರು, ಮಾರ್ಕ್ಸು, ಮೊಬೈಲು ಇವೆ. ಮಗು ಎಲ್ಲಿದೆ ಅಂತ ಫೋನು ಹೇಳುತ್ತದೆ. ಬೆಟ್ಟಿಯ ಕಾಲದಲ್ಲಿ ಅವಳಿಗಿಂತ ಚಿಕ್ಕವರೂ ಕೆಲಸ ಕಲಿಯಲು ಬೇರೆ ಮನೆ ಸೇರುತ್ತಿದ್ದರು. 2018ರಲ್ಲಿ ಯೂಟಾ ರಾಜ್ಯ ಒಂದು ಕಾನೂನು ಮಾಡಿತು: ತಕ್ಕ ವಯಸ್ಸಿನ ಮಗು ಒಂಟಿಯಾಗಿ ಶಾಲೆಗೆ ನಡೆದುಹೋದರೆ, ಹೊರಗೆ ಆಡಿದರೆ, ಅಪ್ಪ ಅಮ್ಮ ಅದನ್ನು ನೋಡಿಕೊಳ್ಳುತ್ತಿಲ್ಲ ಅಂತ ಅರ್ಥವಲ್ಲ.