ಗುಡ್ಡದ ಬುಡಕ್ಕೆ ಹಾಸಿಗೆ ಒಯ್ಯುವ ಬಂಡಿ

ಶಹಾಪುರದ ಸುತ್ತ ಬಂಡೆ ಹತ್ತಲು ಹೋಗುವ ನಮಗೆ ಬಂಡೆಗಿಂತ ಮೊದಲು ಎದುರಾಗುವ ಕಷ್ಟ ಫೋಮ್ ಹಾಸಿಗೆಯದು. ಹಗ್ಗವಿಲ್ಲದೆ ಮೂರು ನಾಲ್ಕು ಮೀಟರ್ ಎತ್ತರದ ಗುಂಡುಗಳನ್ನು ಹತ್ತುವ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಕೈ ಜಾರಿದರೆ ಕಾಪಾಡುವುದು ಕೆಳಗೆ ಹಾಸಿದ ಪ್ಯಾಡ್ ಒಂದೇ. ಒಂದು ಪ್ಯಾಡ್ ತೂಗುವುದು ಐದಾರು ಕಿಲೋ, ಅಷ್ಟೇನೂ ಭಾರವಲ್ಲ. ಆದರೆ ಮಡಿಸಿದರೂ ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ ಉಳಿಯುತ್ತದೆ. ನಾಲ್ಕು ಪ್ಯಾಡ್ ಬೇಕೆಂದರೆ ಒಬ್ಬರ ಬೆನ್ನಿಗೆ ಆಗುವ ಕೆಲಸವಲ್ಲ. ಗಾಳಿ ಬೀಸಿದರಂತೂ ಬೆನ್ನ ಮೇಲಿನ ಪ್ಯಾಡ್ ಹಾಯಿಯಂತೆ ಉಬ್ಬಿ ಮನುಷ್ಯನನ್ನೇ ಬದುವಿನಿಂದ ಕೆಳಗೆ ತಳ್ಳುತ್ತದೆ.

ಪ್ಯಾಡನ್ನು ತೆಳ್ಳಗೆ ಮಾಡಬಾರದೇಕೆ ಎಂದು ಮನೆಯಲ್ಲಿ ಕೇಳಿದ್ದರು. ಮಾಡಲಾಗದು, ಏಕೆಂದರೆ ಅದರ ಕೆಲಸವೆಲ್ಲ ಇರುವುದು ದಪ್ಪದಲ್ಲೇ. ಮೂರು ಮೀಟರ್ ಮೇಲಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತಾನೆ. ಆ ವೇಗ ಎಷ್ಟು ದೂರದೊಳಗೆ ಸೊನ್ನೆಯಾಗುತ್ತದೆ ಎಂಬುದರ ಮೇಲೆ ಪೆಟ್ಟು ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಒಂದು ಸೆಂ.ಮೀ.ನಲ್ಲಿ ನಿಂತರೆ ಮೈಮೇಲಿನ ಸರಾಸರಿ ಬಲ ತೂಕದ ಸುಮಾರು 300 ಪಟ್ಟು, ಹತ್ತು ಸೆಂ.ಮೀ.ನಲ್ಲಿ ನಿಂತರೆ 30 ಪಟ್ಟು. ಮೊಣಕಾಲು ಬಗ್ಗಿಸಿದರೆ ಇನ್ನೂ ಇಳಿಯುತ್ತದೆ. ಹಾಗಾಗಿ ಪ್ಯಾಡ್ ದಪ್ಪಗೇ ಇರಬೇಕು, ಅದನ್ನು ಹೊರಲು ಬಂಡಿ ಬೇಕು.

ನಮ್ಮ ಮೂರು ಜಿಲ್ಲೆಗಳ ನೆಲ ಒಂದೇ ಬಗೆಯದಲ್ಲ. ಬೀದರಿನಲ್ಲಿ ಜಂಬಿಟ್ಟಿಗೆ, ಕಲಬುರಗಿಯ ಸುತ್ತ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕರಿಗಲ್ಲು, ಶಹಾಬಾದಿನಲ್ಲಿ ಹಾಸುಗಲ್ಲಾಗುವ ಸುಣ್ಣಕಲ್ಲು. ಯಾದಗಿರಿ, ಶಹಾಪುರದ ಕಡೆ ಬಂದರೆ ಅದಕ್ಕಿಂತ ಎಷ್ಟೋ ಹಳೆಯ, ಸುಮಾರು 250 ಕೋಟಿ ವರ್ಷದ ಗ್ರಾನೈಟು. ಅದರ ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಮೊದಲು ಸವೆದು ದುಂಡಗಿನ ಗುಂಡುಗಳು ಉಳಿದಿವೆ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವೂ ಇಂಥದೇ ಕಲ್ಲಿನದು. ಒಂದು ಮಾತು ಇಲ್ಲೇ ಹೇಳಬೇಕು: ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲಾಗಿ ಇಟ್ಟ ಕಲ್ಲುಗಳಿವೆ. ಅವು ಹತ್ತುವ ಕಲ್ಲುಗಳಲ್ಲ, ಬಂಡಿಯನ್ನು ಅವುಗಳ ನಡುವೆ ಎಳೆಯುವುದೂ ಸಲ್ಲದು.

ಮೊದಲ ಬಂಡಿಗೆ ಗುಜರಿ ಅಂಗಡಿಯ ಟ್ರಾಲಿಯಿಂದ ಬಿಚ್ಚಿದ, 20 ಸೆಂ.ಮೀ. ಅಡ್ಡಳತೆಯ ಗಾಲಿ ಹಾಕಿದ್ದೆ. ಡಾಂಬರಿನ ಮೇಲೆ ಚೆಂದ ಓಡಿತು. ಹೊಲದ ದಾರಿಗಿಳಿದು, ಅಂಗೈ ದಪ್ಪದ ಮೊದಲ ಕಲ್ಲಿಗೇ ನಿಂತಿತು. ಆ ರಾತ್ರಿ ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಐದು ಸೆಂ.ಮೀ. ಎತ್ತರದ ಕಲ್ಲು ದಾಟಲು, ಅಚ್ಚಿನ ಮಟ್ಟದಲ್ಲಿ ನೇರ ಮುಂದಕ್ಕೆ ಎಳೆದರೆ, ಆ ಸಣ್ಣ ಗಾಲಿಗೆ ಹೊರೆಯ 1.7 ಪಟ್ಟು ಬಲ ಬೇಕು. ಬಂಡಿ, ಪ್ಯಾಡ್, ನೀರು, ಬುತ್ತಿ ಸೇರಿ 40 ಕಿಲೋ ಎಂದುಕೊಂಡರೆ ಸುಮಾರು 70 ಕಿಲೋ ಎಳೆತ. 26 ಇಂಚಿನ ಸೈಕಲ್ ಗಾಲಿಗೆ ಅದೇ ಕಲ್ಲು 25 ಕಿಲೋಗೆ ಮಣಿಯುತ್ತದೆ. ಒಂದೂವರೆ ಮೀಟರ್ ಎತ್ತರದ ಎತ್ತಿನ ಬಂಡಿಯ ಗಾಲಿಯಾದರೆ 15 ಕಿಲೋ ಸಾಕು. ಗಾಲಿ ದೊಡ್ಡದಾದಷ್ಟೂ ಕಲ್ಲು ಅದರ ಬುಡದ ಹತ್ತಿರ ತಾಗುತ್ತದೆ, ಗೋಡೆಯಂತಿದ್ದದ್ದು ಇಳಿಜಾರಾಗುತ್ತದೆ. ಎರೆ ನೆಲದ ನಮ್ಮ ಹಿರಿಯರು ಬಂಡಿಗೆ ಅಷ್ಟೆತ್ತರದ ಗಾಲಿ ಕಟ್ಟುತ್ತಿದ್ದುದು ಎಷ್ಟು ಸರಿ ಎಂದು ಅಂದು ನನಗೆ ಮನದಟ್ಟಾಯಿತು.

ಹಳೆಯ ಸೈಕಲ್ಲಿನ ಎರಡು ಮುಂದಿನ ಗಾಲಿ ತಂದು, ಚೌಕ ಪೈಪಿನ ಚೌಕಟ್ಟಿಗೆ ಒಂದೊಂದು ಬದಿಗೆ ಸಿಕ್ಕಿಸೋಣ ಎಂದರೆ ವೆಲ್ಡಿಂಗ್ ಅಂಗಡಿಯವರು ಒಪ್ಪಲಿಲ್ಲ. "ಒಂದೇ ಬಾಜೂಕ ಹಿಡಿಸಿದ್ರ ಅಚ್ಚು ಬಾಗ್ತದ ನೋಡ್ರಿ, ಎರಡೂ ಕಡಿ ಹಿಡಿಬೇಕು" ಎಂದರು. ಅವರ ಮಾತು ಲೆಕ್ಕಕ್ಕೂ ಸರಿ. ಸೈಕಲ್ಲಿನ ಅಚ್ಚು ಬೆರಳಿಗಿಂತ ಸಣ್ಣದು, ಎರಡೂ ತುದಿಗೆ ಆಸರೆ ಇರಲಿ ಎಂದೇ ಮಾಡಿದ್ದು. ಒಂದೇ ಕಡೆ ಹಿಡಿದರೆ ಅದನ್ನು ಬಾಗಿಸುವ ಒತ್ತಡ ಹಲವು ಪಟ್ಟಾಗುತ್ತದೆ, ಕಲ್ಲಿನ ಕುಲುಕಾಟ ಬೇರೆ. ಹಾಗಾಗಿ ಪ್ರತಿ ಗಾಲಿಗೂ ಒಳಗೊಂದು ಹೊರಗೊಂದು ಕಬ್ಬಿಣದ ಪಟ್ಟಿ ಬಂತು. ಸೈಕಲ್ ಗಾಲಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಸೈಕಲ್ಲು ತಿರುವಿನಲ್ಲಿ ವಾಲುತ್ತದೆ, ಭಾರ ಯಾವಾಗಲೂ ಕಡ್ಡಿಗಳ ಸಮತಲದಲ್ಲೇ ಇಳಿಯುತ್ತದೆ. ಬಂಡಿ ವಾಲುವುದಿಲ್ಲ, ಅಡ್ಡ ಇಳಿಜಾರಿನಲ್ಲಿ ಗಾಲಿಯನ್ನು ಪಕ್ಕಕ್ಕೆ ನೂಕುತ್ತದೆ. ಕಡ್ಡಿ ಸಡಿಲವಿದ್ದರೆ ರಿಮ್ಮು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹೊರಡುವ ಮುನ್ನ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಚುಕಿ ನೋಡುವುದು ಈಗ ನನಗೆ ರೂಢಿ.

ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಿದಷ್ಟೂ ಹಗುರವಾಗಿ ಓಡುತ್ತದೆ ಎಂಬ ಸೈಕಲ್ ಸವಾರರ ನಂಬಿಕೆಯನ್ನು ಇಲ್ಲಿ ಬಿಡಬೇಕು. ಟೈರು ನೆಲ ಮುಟ್ಟುವ ಜಾಗ ಸರಿಸುಮಾರು ಹೊರೆಯನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಗಾಲಿಗೆ 20 ಕಿಲೋ ಹೊರೆ ಇದ್ದು 40 ಪೌಂಡ್ ಗಾಳಿ ತುಂಬಿದರೆ ಏಳು ಚದರ ಸೆಂ.ಮೀ., 15 ಪೌಂಡ್ ತುಂಬಿದರೆ ಹತ್ತೊಂಬತ್ತು. ಹಳ್ಳದ ಉಸುಕಿನಲ್ಲಿ ಮೆತ್ತಗಿನ ಟೈರು ಹೂತುಕೊಳ್ಳದೆ ತೇಲಿದಂತೆ ಸಾಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಯಾವ ಒತ್ತಡವೂ ಲೆಕ್ಕಕ್ಕಿಲ್ಲ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಪಟ್ಟಿಯಾಗಿ ಹಾಸಿದ ಮೇಲೆ ಪಂಕ್ಚರ್ ಕಡಿಮೆಯಾಯಿತು. ಎರೆ ಮಣ್ಣು ತೊಯ್ದರೆ ಉಬ್ಬಿ ಅಂಟಾಗಿ ಟೈರಿಗೂ ಬದಿಯ ಕಬ್ಬಿಣದ ಪಟ್ಟಿಗೂ ನಡುವೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಮೂರು ಬೆರಳು ಸಂದು ಬಿಡಲೇಬೇಕು.

ಇಷ್ಟೆಲ್ಲ ಆದ ಮೇಲೂ ಬಂಡಿಯ ಗುಣ ತೀರ್ಮಾನವಾಗುವುದು ಭಾರ ಎಲ್ಲಿ ಕೂತಿದೆ ಎಂಬುದರಿಂದ. ಎತ್ತಿನ ಬಂಡಿಯವರಿಗೆ ಇದು ಗೊತ್ತು. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ. ನನ್ನ ಬಂಡಿಯಲ್ಲಿ ಹೊರೆಯ ಗುರುತ್ವಕೇಂದ್ರ ಅಚ್ಚಿಗಿಂತ 10 ಸೆಂ.ಮೀ. ಮುಂದೆ, ಹಿಡಿಕೆ 120 ಸೆಂ.ಮೀ. ಮುಂದೆ. ಸಮನೆಲದಲ್ಲಿ ಕೈಗೆ ಬರುವುದು ಮೂರು ಕಿಲೋಗೆ ತುಸು ಹೆಚ್ಚು. ಮೊದಮೊದಲು ನೀರಿನ ಕ್ಯಾನು, ಬುತ್ತಿಯನ್ನು ಪ್ಯಾಡುಗಳ ಮೇಲೆ ಕಟ್ಟುತ್ತಿದ್ದೆ. ಆಗ ಕೇಂದ್ರ ನೆಲದಿಂದ ಸುಮಾರು 72 ಸೆಂ.ಮೀ. ಎತ್ತರದಲ್ಲಿತ್ತು, ಅಚ್ಚಿಗಿಂತ ಒಂದು ಮೊಳದಷ್ಟು ಮೇಲೆ. ಹದಿನೈದು ಡಿಗ್ರಿ ಏರು ಬಂದ ಕೂಡಲೇ ಅದು ಹತ್ತು ಸೆಂ.ಮೀ. ಹಿಂದಕ್ಕೆ ವಾಲಿ ನೇರ ಅಚ್ಚಿನ ಮೇಲೆ ಬರುತ್ತಿತ್ತು, ಹಿಡಿಕೆ ಕೈಯಿಂದ ಮೇಲೇಳುತ್ತಿತ್ತು. ಎಳೆಯುವುದನ್ನು ಬಿಟ್ಟು ಅದನ್ನು ಅದುಮಿ ಹಿಡಿಯುವುದೇ ಕೆಲಸವಾಗುತ್ತಿತ್ತು. ಅದೇ ಹತ್ತು ಕಿಲೋ ನೀರು, ಬುತ್ತಿಯನ್ನು ಚೌಕಟ್ಟಿನ ಕೆಳಗೆ ತೂಗುಹಾಕಿದೆ. ಕೇಂದ್ರ 49 ಸೆಂ.ಮೀ.ಗೆ ಇಳಿಯಿತು. ಅದೇ ಏರಿನಲ್ಲಿ ಹಿಂದೆ ಸರಿಯುವುದು ನಾಲ್ಕೇ ಸೆಂ.ಮೀ. ಗಾಲಿಗಳ ನಡುವೆ 80 ಸೆಂ.ಮೀ. ಅಂತರವಿರುವ ಬಂಡಿ ಮೊದಲು 29 ಡಿಗ್ರಿ ಅಡ್ಡ ಇಳಿಜಾರಿಗೆ ಮಗುಚಬಹುದಿತ್ತು, ಈಗ 39ರವರೆಗೆ ತಾಳುತ್ತದೆ. ಒಂದು ಕ್ಯಾನಿನ ಜಾಗ ಬದಲಿಸಿದ್ದಷ್ಟೇ, ಒಂದು ರೂಪಾಯಿ ಖರ್ಚಿಲ್ಲ.

ಗುಂಡುಗಳು ಒತ್ತೊತ್ತಾಗಿ ಬಿದ್ದಲ್ಲಿ ಬಂಡಿ ಹೋಗದು. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೊನೆಯ ಇನ್ನೂರು ಹೆಜ್ಜೆ ಪ್ಯಾಡನ್ನು ಬೆನ್ನ ಮೇಲೆಯೇ ಒಯ್ಯುತ್ತೇವೆ. ಸಂಜೆ ಇಳಿಯುವಾಗ ಬಂಡಿಯನ್ನು ಮುಂದೆ ಬಿಟ್ಟು ಹಿಡಿಕೆ ಹಿಡಿದು ನಾವು ಮೇಲ್ಗಡೆ ಇರುತ್ತೇವೆ. ನೀರು ಖಾಲಿಯಾಗಿದ್ದರೂ ಹದಿನೈದು ಡಿಗ್ರಿಯ ಇಳಿಜಾರಿನಲ್ಲಿ ಏಳೆಂಟು ಕಿಲೋ ಸೆಳೆತ ಅಂಗೈಗೆ ಗೊತ್ತಾಗುತ್ತದೆ. ದಿನವಿಡೀ ಗ್ರಾನೈಟಿಗೆ ಉಜ್ಜಿ ಬೆರಳ ತುದಿ ಉರಿಯುತ್ತಿರುತ್ತದೆ. ಅದಕ್ಕೇ ಹಿಡಿಕೆಗೆ ಹಳೆಯ ಟ್ಯೂಬಿನ ಉಳಿದ ತುಂಡನ್ನು ಸುತ್ತಿದ್ದೇನೆ.