ಲಾಭದ ಪಾಲೋ, ಮಾರಾಟದ ಪಾಲೋ?

ದಿನಬಳಕೆಯ ವಸ್ತುಗಳನ್ನು ಮಾರಿ, ಬಂದ ಗಳಿಕೆಯನ್ನು ಕುಡಿಯುವ ನೀರು, ಶಿಕ್ಷಣ, ಆರೋಗ್ಯದಂತಹ ಸೇವಾಕಾರ್ಯಗಳಿಗೆ ವಿನಿಯೋಗಿಸಬೇಕೆಂದು ಹೊರಟವರು ಲೆಕ್ಕಪತ್ರದ ಸಲಹೆ ಕೇಳಿ ಬಂದಾಗ, ಅವರು ಕೊಡಲಿರುವ ಹಣ ಲೆಕ್ಕದ ಪುಸ್ತಕದ ಯಾವ ಸಾಲಿನಿಂದ ಹೊರಡುತ್ತದೆ ಎಂದು ನಾನು ಮೊದಲಿಗೆ ವಿಚಾರಿಸುತ್ತೇನೆ. ಒಟ್ಟು ಮಾರಾಟದಿಂದಲೋ, ಖರ್ಚೆಲ್ಲ ಕಳೆದು ಉಳಿದ ಲಾಭದಿಂದಲೋ? ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ.

ಒಂದು ಸಾಬೂನಿನ ಬೆಲೆಯನ್ನು 100 ಪಾಲು ಎಂದು ಇಟ್ಟುಕೊಳ್ಳೋಣ. ಅಂಗಡಿ ಮತ್ತು ಸಗಟು ವಿತರಕರಿಗೆ 35, ಕಚ್ಚಾ ಸಾಮಗ್ರಿ, ತಯಾರಿಕೆ, ಹೊದಿಕೆಗೆ 35, ಸಾಗಣೆಗೆ 8, ಪ್ರಚಾರ, ಸಂಬಳ, ತೆರಿಗೆಗಳಿಗೆ 16 ಹೋದರೆ ಕೈಯಲ್ಲಿ ಉಳಿಯುವುದು 6. ‘ಲಾಭದಲ್ಲಿ ಅರ್ಧ’ ಎಂಬ ಮಾತು ಕೇಳಲು ಉದಾರವಾಗಿದ್ದರೂ ಸೇವಾಕಾರ್ಯಕ್ಕೆ ಸಿಗುವುದು 3 ಮಾತ್ರ, ‘ಮಾರಾಟದ ಶೇ. 5’ ಎಂಬುದು ಸಣ್ಣದಾಗಿ ಕಂಡರೂ 5 ಸಿಗುತ್ತದೆ. ಆದರೆ ನಷ್ಟದ ವರ್ಷದಲ್ಲಿ ಮೊದಲನೆಯದರಲ್ಲಿ ಏನೂ ಹುಟ್ಟುವುದಿಲ್ಲ, ಎರಡನೆಯದನ್ನು ಸಾಲ ಮಾಡಿಯಾದರೂ ತೆರಬೇಕಾಗುತ್ತದೆ. ನಟ ಪಾಲ್ ನ್ಯೂಮನ್ 1982ರಲ್ಲಿ ಸಲಾಡ್ ಡ್ರೆಸ್ಸಿಂಗ್‌ನಿಂದ ಆರಂಭಿಸಿದ ನ್ಯೂಮನ್ಸ್ ಓನ್ ಸಂಸ್ಥೆ ತನ್ನ ಲಾಭವನ್ನೆಲ್ಲ ದಾನಕ್ಕೆ ಮೀಸಲಿಟ್ಟಿತು. 2002ರಲ್ಲಿ ಸ್ಥಾಪನೆಯಾದ ಒನ್ ಪರ್ಸೆಂಟ್ ಫಾರ್ ದ ಪ್ಲಾನೆಟ್ ತನ್ನ ಸದಸ್ಯ ಸಂಸ್ಥೆಗಳಿಂದ ಮಾರಾಟದ ಶೇ. 1ರಷ್ಟನ್ನು ಪರಿಸರ ಕಾರ್ಯಕ್ಕೆ ಕೇಳುತ್ತದೆ. ಎರಡೂ ಪ್ರಾಮಾಣಿಕವಾದ ದಾರಿಗಳೇ. ಹೊಸದಾಗಿ ಆರಂಭಿಸುವವರಿಗೆ ನಾನು ಸೂಚಿಸುವುದು ಮಾರಾಟದ ಸಣ್ಣ ಪಾಲನ್ನು, ಏಕೆಂದರೆ ಸಂಬಳ, ಪ್ರಚಾರಗಳ ಹೆಸರಿನಲ್ಲಿ ಅದನ್ನು ಕರಗಿಸಲು ಬರುವುದಿಲ್ಲ.

ಹಣದ ಬದಲು ವಸ್ತುವನ್ನೇ ಕೊಡುವ ಮಾತು ಇನ್ನೂ ಎಚ್ಚರಿಕೆ ಬೇಡುತ್ತದೆ. 2006ರಲ್ಲಿ ಆರಂಭವಾದ ಟಾಮ್ಸ್ ಸಂಸ್ಥೆ ಮಾರಿದ ಪ್ರತಿ ಜೋಡಿ ಪಾದರಕ್ಷೆಗೆ ಇನ್ನೊಂದು ಜೋಡಿಯನ್ನು ದಾನವಾಗಿ ಕೊಡುತ್ತ ಹೆಸರು ಮಾಡಿತು. ಉಚಿತ ವಸ್ತುಗಳು ಸ್ಥಳೀಯ ತಯಾರಕರ ಹೊಟ್ಟೆಯ ಮೇಲೆ ಹೊಡೆಯುತ್ತವೆ, ಬಡತನದ ಮೂಲವನ್ನು ಮುಟ್ಟುವುದಿಲ್ಲ ಎಂಬ ಟೀಕೆಯನ್ನೂ ಎದುರಿಸಿತು. ಮುಂದೆ ಅದು ಲಾಭದ ಮೂರನೇ ಒಂದು ಭಾಗವನ್ನು ಕೊಡುವ ಕ್ರಮಕ್ಕೆ ಹೊರಳಿತು.

ನಾನು ಸಲಹೆ ನೀಡುತ್ತಿದ್ದ ಸಂಸ್ಥೆಯೊಂದು, ಒಂದು ಸಾಬೂನು ಒಂದು ಮಗುವಿಗೆ ಇಷ್ಟು ದಿನದ ನೀರು ಒದಗಿಸುತ್ತದೆ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿತ್ತು. ಕೆಲವೇ ತಿಂಗಳಲ್ಲಿ ಎಣ್ಣೆಯ ದರ ಏರಿತು, ಅಂಗಡಿಗಳಿಂದ ಬರಬೇಕಾದ ಬಾಕಿ 60 ದಿನ ದಾಟಿತು. ಮಾತಿಗೆ ತಕ್ಕಷ್ಟು ಹಣವಿಲ್ಲ, ಕೋಣೆಯ ತುಂಬ ಅಚ್ಚಾದ ಹೊದಿಕೆಗಳ ಕಟ್ಟುಗಳು. ಅಚ್ಚಿಗೆ ಹೋಗುವ ಮೊದಲು ನಾನು ಆ ವಾಕ್ಯವನ್ನು ತಡೆಯಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಕೊನೆಗೆ ಆ ಕಟ್ಟುಗಳನ್ನೆಲ್ಲ ರದ್ದಿಗೆ ಹಾಕಿದೆವು.

ಇನ್ನು ಸರಕಿನ ಗುಣಮಟ್ಟ. ಮೊದಲ ಸಲ ಒಳ್ಳೆಯ ಉದ್ದೇಶಕ್ಕೆಂದು ಕೊಂಡವರು ಎರಡನೆಯ ಸಲ ನೊರೆ, ಪರಿಮಳ, ಬಾಳಿಕೆ ನೋಡಿಯೇ ಕೊಳ್ಳುತ್ತಾರೆ. ಆ ಎರಡನೆಯ ಖರೀದಿಯೇ ಇಲ್ಲದಿದ್ದರೆ ದಾನದ ಲೆಕ್ಕ ಹಾಕುವ ಪ್ರಮೇಯವೇ ಬರುವುದಿಲ್ಲ.

ಈಗ ಆ ಸಂಸ್ಥೆ ಪ್ರತಿ ತಿಂಗಳು ಅಂಗಡಿಗಳಿಂದ ಹಣ ಕೈಸೇರಿದ ಮೇಲೆ, ಅದರ ನಿಗದಿತ ಪಾಲನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸುತ್ತದೆ. ಆ ಖಾತೆಯಿಂದ ಸಂಬಳವನ್ನಾಗಲಿ ಸರಬರಾಜುದಾರರ ಬಿಲ್ಲನ್ನಾಗಲಿ ಪಾವತಿಸುವಂತಿಲ್ಲ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ದೃಢೀಕರಿಸಿದ ಮೊತ್ತವನ್ನು ಹಾಗೆಯೇ ಪ್ರಕಟಿಸುತ್ತಾರೆ. ಹೊದಿಕೆಯ ಮೇಲೆ ಮಕ್ಕಳ ಎಣಿಕೆ ಇಲ್ಲ. ಮಾರಾಟದ ಶೇಕಡಾ ಎಷ್ಟು ಎಂಬ ಒಂದೇ ಸಾಲು ಇದೆ.